ಕಚೇರಿಗೊಂದು ಶ್ರೆಡರ್: ಎಷ್ಟು ಸಣ್ಣಗೆ ಕತ್ತರಿಸಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸಣ್ಣ ಕಚೇರಿಗಳಲ್ಲಿ ಬೇಡವಾದ ಕಾಗದ ಸಾಮಾನ್ಯವಾಗಿ ಹಿಡಿಯುವುದು ರದ್ದಿ ಅಂಗಡಿಯ ದಾರಿಯನ್ನು. ಇಲ್ಲವೇ ಹಿತ್ತಲಿನ ಬೆಂಕಿಯನ್ನು. ಸೊಸೈಟಿಯ ಸಾಲಕ್ಕೆಂದು, ಬೆಳೆವಿಮೆಗೆಂದು ರೈತನು ಕೊಟ್ಟ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಜೆರಾಕ್ಸ್, ಹೊಲದ ಉತಾರ ಇವೆಲ್ಲ ರದ್ದಿಗೆ ಬಿದ್ದರೆ ಸಂಜೆಗೆ ಮಿರ್ಚಿ ಕಟ್ಟುವ ಹಾಳೆಯಾಗಿ ಯಾರದೋ ಕೈ ಸೇರಬಹುದು. ಮುದ್ರಿತ ಹಾಳೆಯ ಶಾಯಿ ತಿಂಡಿಗೆ ಅಂಟುವ ಅಪಾಯ ಬೇರೆ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಕಪಾಟಿನಲ್ಲಿ ಉಳಿದ ಜೆರಾಕ್ಸ್ ಕಾಗದಕ್ಕೆ ಕಾವಲೆಂದರೆ ಬಹುಮಟ್ಟಿಗೆ ಕಚೇರಿಯವರ ವಿವೇಕವೇ. ಆದ್ದರಿಂದ ಶ್ರೆಡರ್ ಕೊಳ್ಳುವುದು ಆಡಂಬರವೆಂದು ತಳ್ಳಿಹಾಕುವ ಮಾತಲ್ಲ.

ಆದರೆ ಯಾವುದನ್ನು ಕೊಳ್ಳಬೇಕು? ಮಾರುವವರು ಹೆಚ್ಚು ಸಣ್ಣಗೆ ಕತ್ತರಿಸುವ ಯಂತ್ರವೇ ಶ್ರೇಷ್ಠವೆನ್ನುತ್ತಾರೆ. ಜರ್ಮನಿಯ ಡಿನ್ 66399 ಎಂಬ ಮಾನದಂಡವು ಕಾಗದದ ಚೂರುಗಳನ್ನು ಪಿ-1ರಿಂದ ಪಿ-7ರವರೆಗೆ ಏಳು ದರ್ಜೆಗಳಾಗಿ ವಿಂಗಡಿಸಿದೆ. ಪಿ-2ರಲ್ಲಿ ಹಾಳೆ ಆರು ಮಿಲಿಮೀಟರ್ ಅಗಲದ ಉದ್ದನೆಯ ಪಟ್ಟಿಗಳಾಗುತ್ತದೆ. ಒಂದು ಎ-4 ಹಾಳೆಗೆ ಸುಮಾರು 35 ಪಟ್ಟಿ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ. ಅದೇ ಹಾಳೆ ಸುಮಾರು 400 ಚೂರಾಗುತ್ತದೆ. ಪಿ-7ರಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕು. ಪಟ್ಟಿಗಳು ಸಾಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ: 1979ರಲ್ಲಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯಲ್ಲಿ ಪಟ್ಟಿಯಾಗಿ ಕತ್ತರಿಸಿದ್ದ ದಾಖಲೆಗಳನ್ನು ಇರಾನಿನವರು ತಾಳ್ಮೆಯಿಂದ ಮರಳಿ ಜೋಡಿಸಿದರು. ಹಾಗೆಂದು ಪಿ-7ಕ್ಕೆ ಜಿಗಿಯಬೇಕಿಲ್ಲ, ಅದು ಗೂಢಚಾರರಿಗಿರಲಿ. ಬೀಜದಂಗಡಿಗೂ ದಲಾಲಿ ಅಂಗಡಿಗೂ ಅಡ್ಡ-ಉದ್ದ ಎರಡೂ ಕತ್ತರಿಸುವ ಪಿ-4 ಯಂತ್ರ ಧಾರಾಳವಾಯಿತು.

ಅದಕ್ಕಿಂತ ಸಣ್ಣದು ಬೇಡವೆನ್ನಲು ಇನ್ನೊಂದು ಕಾರಣವಿದೆ. ಕಾಗದವೆಂದರೆ ಮರದ ನಾರು. ಕತ್ತರಿಸಿದಷ್ಟೂ ನಾರು ಮೋಟಾಗುತ್ತದೆ. ಮರುಬಳಕೆಯ ಗಿರಣಿಯಲ್ಲಿ ಮೋಟು ನಾರು ಜರಡಿಯಲ್ಲಿ ಸೋರಿ ವ್ಯರ್ಥವಾಗುತ್ತದೆ. ನಾರಿನ ಬೆಲೆಯನ್ನು ಈ ಸೀಮೆಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಘಟ್ಟದ ಬಿದಿರನ್ನು ದಾಂಡೇಲಿಯ ಕಾಗದ ಗಿರಣಿಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟ ಕಾಲವೊಂದಿತ್ತು. ಬುಟ್ಟಿ ಹೆಣೆಯುವ ಮೇದಾರರಿಗೆ ಆ ದರ ಕನಸಿನ ಮಾತಾಗಿತ್ತು. 1984ರಲ್ಲಿ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಕಟ್ಟಿ, 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಮುಂತಾದ ತಿರುಳಿನ ಮರ ಬೆಳೆಯಹೊರಟಿತು. ಕಾರ್ಖಾನೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ್ದು. ಅಲ್ಲಿ ತಯಾರಾಗುತ್ತಿದ್ದುದು ರೇಯಾನ್ ನೂಲಿನ ತಿರುಳು, ಕಾಗದದ್ದಲ್ಲ, ನಿಜ. ಆದರೆ ಹುಲ್ಲುಗಾವಲು ಕಳೆದುಕೊಂಡ ದನಕ್ಕೆ ಆ ಭೇದ ತಿಳಿಯದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿ ಕಿತ್ತು, ಉಪಯುಕ್ತ ಗಿಡ ನೆಟ್ಟು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. 1990ರ ದಶಕದ ಆರಂಭದಲ್ಲಿ ಆ ಕಂಪನಿಯೇ ಮುಚ್ಚಿತು. ಕುಸನೂರು ಇರುವ ಜಿಲ್ಲೆಯಲ್ಲಿ, ಒಂದು ಬದಿ ಖಾಲಿಯಿರುವ ಹಾಳೆಯನ್ನು ಯಂತ್ರದ ಬಾಯಿಗೆ ತುರುಕುವುದು ಶೋಭಿಸುವುದಿಲ್ಲ. ಗುರುತಿನ ವಿವರವಿಲ್ಲದ ಹಾಳೆಯ ಬೆನ್ನಿನ ಮೇಲೆ ಬರೆಯಲಿ. ಅನಂತರ ಇಡಿಯಾಗಿಯೇ ಮರುಬಳಕೆಗೆ ಹೋಗಲಿ.

ಯಂತ್ರದ ಉಳಿದ ಸಂಗತಿಗಳು ಸರಳ. ಡಬ್ಬದ ಮೇಲೆ ಬರೆದ ಹಾಳೆಗಳ ಸಂಖ್ಯೆಗಿಂತ ಒಮ್ಮೆಗೆ ಎಷ್ಟು ನಿಮಿಷ ಓಡೀತೆಂಬುದು ಮುಖ್ಯ. ಅಗ್ಗದವು ಎರಡರಿಂದ ಐದು ನಿಮಿಷ ಓಡಿ, ಅರ್ಧ ಗಂಟೆಯಷ್ಟು ತಣಿಯಲು ನಿಲ್ಲುತ್ತವೆ. ಸಿಕ್ಕಿಕೊಂಡ ಕಾಗದವನ್ನು ಹಿಂದಕ್ಕೆ ತಿರುಗಿಸುವ ಗುಂಡಿ, ಬಿಸಿಯಾದಾಗ ತಾನೇ ನಿಲ್ಲುವ ಏರ್ಪಾಡು ಬೇಕೇ ಬೇಕು. ಬಾಯಿ ಮಗುವಿನ ಬೆರಳು ಹೋಗದಷ್ಟು ಕಿರಿದಾಗಿರಲಿ. ಸೀರೆಯ ಸೆರಗು, ದುಪಟ್ಟಾ ಹತ್ತಿರ ಬಾರದಂತೆ ನೋಡಿಕೊಳ್ಳಬೇಕು. ಅಲಗುಗಳಿಗೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ಡಬ್ಬಿಯಿಂದ ಚಿಮ್ಮಿಸುವ ಉರಿಯುವ ಅನಿಲದ ಎಣ್ಣೆ ಮೋಟಾರಿನ ಕಿಡಿಗೆ ಹೊತ್ತಿಕೊಂಡೀತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಧೂಳಿಗೆ ಹೊದಿಕೆಯೂ ಅವಶ್ಯ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಯಂತ್ರಕ್ಕೆ ಏನನ್ನು ಹಾಕಬಾರದು ಎಂಬುದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರ ಆಕ್ರೋಶ ಎಪಿಎಂಸಿ ಕಚೇರಿಯ ಮೇಲೆಯೇ ತಿರುಗಿ, ವಾಹನಗಳು ಉರಿದವು. ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ದರದ ವಿವಾದದಲ್ಲಿ ರೈತನ ಪಕ್ಷಕ್ಕೆ ನಿಲ್ಲುವುದು ತೂಕದ ಚೀಟಿ, ಟೆಂಡರಿನ ದರಪಟ್ಟಿಗಳೇ. ಗೌಪ್ಯತೆಯ ಹೆಸರಿನಲ್ಲಿ ಅವು ಚೂರಾದರೆ ಯಂತ್ರ ರೈತನನ್ನು ಕಾಯುವುದಿಲ್ಲ, ಕೆಡಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಅರ್ಜಿಯಲ್ಲಿ ಕೇಳಿದ ಮಾಹಿತಿಯನ್ನು ನಾಶಪಡಿಸಿದ ಅಧಿಕಾರಿಗೆ ದಿನಕ್ಕೆ 250 ರೂ.ಗಳಂತೆ 25,000 ರೂ.ವರೆಗೆ ದಂಡವಿದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಲೇಬೇಕು. ಆದ್ದರಿಂದ ಪಂಚಾಯತಿಯಲ್ಲಾಗಲಿ ಸೊಸೈಟಿಯಲ್ಲಾಗಲಿ ಶ್ರೆಡರ್ ಒಬ್ಬ ಗುಮಾಸ್ತನ ಮೇಜಿನ ಬದಿಯಲ್ಲಿ ಇರಕೂಡದು. ಯಾವ ಕಡತ, ಯಾವ ವರ್ಷದ್ದು, ಯಾರ ಒಪ್ಪಿಗೆಯಿಂದ ಎಂದು ಪುಸ್ತಕದಲ್ಲಿ ದಾಖಲಿಸಿ, ಇಬ್ಬರ ಸಹಿಯಾದ ಮೇಲೆ ಗುಂಡಿ ಒತ್ತಲಿ.

ಹೀಗೆ ವಿಂಗಡಿಸಿದ ಮೇಲೆ ಉಳಿಯುವುದು ಹೆಚ್ಚೆಂದರೆ ತಿಂಗಳಿಗೊಂದು ಚೀಲ. ಅಷ್ಟಕ್ಕೆ ಅಂಗಡಿಗೊಂದು ಯಂತ್ರವೇಕೆ? ಒಂದೇ ಸಾಲಿನ ಹತ್ತು ಅಂಗಡಿಗಳು ಸೇರಿ ಗಟ್ಟಿಯಾದ ಒಂದನ್ನು ಕೊಂಡು ಸರದಿಯಂತೆ ಬಳಸಬಹುದು. ಪ್ಲಾಸ್ಟಿಕ್ ಲೇಪದ ಕಾರ್ಡು, ಬಿಲ್ ಯಂತ್ರದ ನುಣುಪು ಚೀಟಿಗಳನ್ನು ಬೇರ್ಪಡಿಸಿ, ಉಳಿದ ಚೂರುಗಳನ್ನು ಕಾಗದದ ಚೀಲದಲ್ಲಿ ಬಾಯಿ ಕಟ್ಟಿ ಗಿರಣಿಗೆ ಹೋಗುವ ಗುಜರಿಯವರಿಗೆ ಕೊಡಬೇಕು. ಅವರು ಒಪ್ಪದಿದ್ದರೆ ಸಗಣಿ, ಹಸಿಸೊಪ್ಪುಗಳ ನಡುವೆ ತೆಳುವಾಗಿ ಹರಡಿದ ಚೂರು ತಿಪ್ಪೆಯಲ್ಲಿ ಕೊಳೆಯುತ್ತದೆ. ದಪ್ಪನಾಗಿ ಸುರಿದರೆ ಮಾತ್ರ ನೀರುಂಡು ಮುದ್ದೆಗಟ್ಟಿ ಹಾಗೆಯೇ ಉಳಿಯುತ್ತದೆ.