ಬ್ಲೂ ಕಟ್: ಕಣ್ಣಿಗೋ, ಅಂಗಡಿಯ ಗಲ್ಲಕ್ಕೋ?

ತಾಲ್ಲೂಕು ಕೇಂದ್ರದ ಕನ್ನಡಕದ ಅಂಗಡಿಯಲ್ಲಿ ನೀಲಿ ಟಾರ್ಚಿನ ಆಟ ನೋಡಿದ್ದೀರಾ? ಮಾಮೂಲಿ ಲೆನ್ಸ್ ದಾಟಿ ಬೆಳಕು ಹಾಯುತ್ತದೆ, ‘ಬ್ಲೂ ಕಟ್’ ಲೆನ್ಸ್ ತಡೆಯುತ್ತದೆ. ‘ಮೊಬೈಲ್ ಬೆಳಕಿಗೆ ಕಣ್ಣು ಹೋಗುತ್ತೆ, ಇದೇ ಹಾಕಿಸಿ’ ಅಂತಾರೆ.

ನಮ್ಮೂರಿನ ಅಜ್ಜಿಯೊಬ್ಬರಿಗೂ ಇದನ್ನೇ ಹಾಕಿ ಕಳಿಸಿದ್ದಾರೆ. ಅವರ ಬಳಿ ಇರೋದು ಬಟನ್ ಫೋನು! ಅಕ್ಕಿಯಲ್ಲಿ ಕಲ್ಲು ಕಂಡರೆ ಅವರಿಗೆ ಸಾಕಿತ್ತು. ಮಗನ ವಾರದ ಕೂಲಿ ಹೋಯಿತು.

ಲೆನ್ಸ್ ಆ ಟಾರ್ಚಿನ ಬೆಳಕು ತಡೆದರೆ ಕಣ್ಣು ಉಳಿಯಿತು ಎಂದರ್ಥವಲ್ಲ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಂಪ್ಯೂಟರ್ ನೋಡುವವರ ಕಣ್ಣಿನ ಆಯಾಸ ಈ ಲೆನ್ಸಿನಿಂದ ತಗ್ಗುವ ಸಾಧ್ಯತೆ ಕಾಣಲಿಲ್ಲ. ಆ ಅಧ್ಯಯನಗಳು ಅಲ್ಪ ಅವಧಿಯವು, ನಿಜ. ಪರದೆ ದಿಟ್ಟಿಸುವಾಗ ರೆಪ್ಪೆ ಬಡಿಯೋದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಅದಕ್ಕೆ ಬೇಕಾದ್ದು ಬಿಡುವು.

ಎಲ್ಲ ಕೋಟಿಂಗೂ ಮೋಸ ಎನ್ನುತ್ತಿಲ್ಲ ನಾವು. ರಾತ್ರಿ ಬೈಕ್ ಓಡಿಸುವವರಿಗೆ ಲೆನ್ಸಿನ ಮೇಲಿನ ಪ್ರತಿಫಲನ ತಗ್ಗಿಸುವ ಆಂಟಿ ಗ್ಲೇರ್ ಉಪಯೋಗಕ್ಕೆ ಬರುತ್ತದೆ. ಹೊಲದ ಧೂಳಿನಲ್ಲಿ ದುಡಿಯುವವರಿಗೆ ಗೀರು ತಗ್ಗಿಸುವ ಹಾರ್ಡ್ ಕೋಟ್ ಬೇಕು. ಆಡುವ ಮಕ್ಕಳಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಒಳ್ಳೆಯದು.

ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ನಂಬರಿನ ಚೀಟಿ ಕೈಗೆ ತಗೊಳ್ಳಿ. ಲೆನ್ಸು, ಫ್ರೇಮು, ಕೋಟಿಂಗಿನ ದರ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ‘ಇದು ಹಾಕಿಸದಿದ್ದರೆ ನನಗೇನು ನಷ್ಟ?’ ಅಂತ ಕೇಳಿ. ಉತ್ತರದ ಬದಲು ಟಾರ್ಚು ಹೊರಬಂದರೆ ಎದ್ದು ಪಕ್ಕದ ಅಂಗಡಿಗೆ ನಡೆಯಿರಿ.