ಸೂರಿಗೆ ಸಾಲ ಕಡ್ಡಾಯವಲ್ಲ

ಬಡ್ಡಿಯ ಭಯದಿಂದ ಸರಕಾರದ ವಸತಿ ಯೋಜನೆಯಿಂದಲೇ ದೂರ ಉಳಿಯುವ ಕುಟುಂಬಗಳು ನಮ್ಮ ಸಮುದಾಯದಲ್ಲಿವೆ. ಇದು ಅನಗತ್ಯ. 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ದೊರೆಯುವ 1.20 ಲಕ್ಷ ರೂ. ಸಹಾಯಧನವೇ ಹೊರತು ಸಾಲವಲ್ಲ. 70 ಸಾವಿರ ರೂ.ವರೆಗಿನ ಬ್ಯಾಂಕ್ ಸಾಲ ಫಲಾನುಭವಿಯ ಇಚ್ಛೆಗೆ ಬಿಟ್ಟದ್ದು.

ಮನೆಯಿಲ್ಲದವರೂ ಕಚ್ಚಾ ಮನೆಯಲ್ಲಿರುವವರೂ ಇದಕ್ಕೆ ಅರ್ಹರು. 2024ರಲ್ಲಿ ನಿಯಮಗಳು ಸಡಿಲಗೊಂಡು, ಬೈಕ್ ಅಥವಾ ಫ್ರಿಜ್ ಇದ್ದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗುವುದು ತಪ್ಪಿತು. ತಿಂಗಳ ಆದಾಯದ ಮಿತಿ 10ರಿಂದ 15 ಸಾವಿರ ರೂ.ಗೇರಿತು. ರಾಷ್ಟ್ರಮಟ್ಟದ ಗುರಿಯಲ್ಲಿ ಶೇ. 15 ಅಲ್ಪಸಂಖ್ಯಾತರಿಗೆ ಮೀಸಲು.

ಆದರೆ ಹಕ್ಕು ತಾನಾಗಿ ಬಾಗಿಲಿಗೆ ಬಾರದು. ಪಟ್ಟಿಯ ಪರಿಶೀಲನೆ ನಡೆಯುವುದು ಗ್ರಾಮಸಭೆಯಲ್ಲಿ. ಅಲ್ಲಿ ಗೈರುಹಾಜರಾಗಿ ಬಳಿಕ ಅನ್ಯಾಯವಾಯಿತೆಂದು ಮರುಗಿ ಫಲವಿಲ್ಲ. ಪಟ್ಟಣದ ಜಮಾಅತ್‌ಗಳು ಹಳ್ಳಿಯ ಬಂಧುಗಳ ದಾಖಲೆಪತ್ರ ಸರಿಪಡಿಸಲು ನೆರವಾಗಲಿ. ಗೋಡೆ ಅರ್ಧಕ್ಕೆ ನಿಂತರೆ ಬಡ್ಡಿರಹಿತ ಸಾಲದ ಮೂಲಕ ಕೈಹಿಡಿಯುವುದು ನಮ್ಮೆಲ್ಲರ ಹೊಣೆ.