ಅಳಿಸಿದ ಅಕ್ಷರಗಳು, ಬೇಡವಾಗಿದ್ದ ದೆವ್ವ

ಕಳೆದ ತಿಂಗಳು ನೆಂಟರೊಬ್ಬರ ಗೃಹಪ್ರವೇಶದಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತ ಕುಳಿತಿದ್ದಾಗ ನನಗೂ ನನ್ನ ಭಾವಮೈದುನನಿಗೂ ಸಣ್ಣದೊಂದು ಜಟಾಪಟಿಯಾಯಿತು. ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ನನಗೆ ತೋರಿಸಿದ ಕೆಲವು ಭಯಾನಕ ಚಿತ್ರಗಳ ಮಾತು ಬಂದಿತ್ತು. ಮೊದಲಿನಿಂದ ಕೊನೆಯವರೆಗೆ ಗಣಕಯಂತ್ರದ ಪರದೆಯನ್ನಷ್ಟೇ ತೋರಿಸುವ ಚಿತ್ರಗಳವು. ಪಾತ್ರಗಳು ಹರಟುವುದು, ಬೆದರುವುದು, ಸಾಯುವುದು ಎಲ್ಲವೂ ಆ ಪರದೆಯ ಚೌಕಗಳೊಳಗೇ. "ಅದೂ ಒಂದು ಸಿನಿಮಾನಾ ಭಾವ? ದುಡ್ಡಿಲ್ಲದವರು ಕಂಡುಕೊಂಡ ಉಪಾಯ ಅಷ್ಟೇ" ಎಂದು ಆತ ತೀರ್ಪಿತ್ತ. ಅಷ್ಟರಲ್ಲಿ ಎಲೆ ಹಾಕಿದರು. ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಆತನೂ ಈ ಪುಟವನ್ನು ಓದುತ್ತಾನೆಂದು ಬಲ್ಲೆ.

ದುಡ್ಡಿನ ಮಾತು ನಿಜ. ಲೆವಾನ್ ಗಾಬ್ರಿಯಾಡ್ಜೆ ನಿರ್ದೇಶಿಸಿದ 'ಅನ್‌ಫ್ರೆಂಡೆಡ್' ಎಂಬ ಅಮೆರಿಕದ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 10 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. 2015ರಲ್ಲಿ ಚಿತ್ರಮಂದಿರಗಳಿಗೆ ಬಂದ ಅದು ಆರು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಆದರೆ ಕಡಿಮೆ ಖರ್ಚೇ ದೋಷವೆನ್ನುವುದಾದರೆ, ಒಂದು ಬಿಳಿ ಪಂಚೆ ಮತ್ತು ಒಂದು ದೀಪ ಇಟ್ಟುಕೊಂಡು ರಾತ್ರಿಯಿಡೀ ರಾಮಾಯಣ ತೋರಿಸುವ ತೊಗಲುಗೊಂಬೆಯವರನ್ನೂ ನಾವು ಜರಿಯಬೇಕಾಗುತ್ತದೆ.

ಆ ಚಿತ್ರದ ಕಥೆ ಇಷ್ಟು. ಲಾರಾ ಎಂಬ ಶಾಲಾ ಬಾಲಕಿಯ ಅವಮಾನಕರ ದೃಶ್ಯವೊಂದನ್ನು ಯಾರೋ ಅಂತರ್ಜಾಲಕ್ಕೆ ಹಾಕುತ್ತಾರೆ. ಸತ್ತುಹೋಗು ಎಂದು ನೂರಾರು ಮಂದಿ ಬರೆಯುತ್ತಾರೆ. ಆಕೆ ಪ್ರಾಣ ಕಳೆದುಕೊಳ್ಳುತ್ತಾಳೆ. ಸರಿಯಾಗಿ ಒಂದು ವರ್ಷದ ಅನಂತರ ಆಕೆಯ ಗೆಳೆಯ ಗೆಳತಿಯರು ಸ್ಕೈಪಿನಲ್ಲಿ ಹರಟುತ್ತಿರುವಾಗ ಮುಖವಿಲ್ಲದ ಒಬ್ಬರು ನಡುವೆ ಸೇರಿಕೊಳ್ಳುತ್ತಾರೆ. ಎಷ್ಟು ಪ್ರಯತ್ನಿಸಿದರೂ ಅವರನ್ನು ತೆಗೆದುಹಾಕಲಾಗುವುದಿಲ್ಲ. ನಾವು ಕಾಣುವುದು ಬ್ಲೇರ್ ಎಂಬ ಹುಡುಗಿಯ ಪರದೆಯನ್ನು ಮಾತ್ರ.

ಈ ಬಗೆಯ ಚಿತ್ರದ ಹೊರತು ಬೇರೆಲ್ಲೂ ಕಾಣದ ಒಂದು ಸಂಗತಿ ಇಲ್ಲಿದೆ. ಬ್ಲೇರ್ ಒಂದು ವಾಕ್ಯವನ್ನು ಟೈಪು ಮಾಡುತ್ತಾಳೆ. ನಿಲ್ಲುತ್ತಾಳೆ. ಅಕ್ಷರ ಅಕ್ಷರವಾಗಿ ಅಳಿಸುತ್ತಾಳೆ. ಮತ್ತೊಂದನ್ನು, ಹೆಚ್ಚು ಸುರಕ್ಷಿತವಾದದ್ದನ್ನು, ಬರೆದು ಕಳುಹಿಸುತ್ತಾಳೆ. ಆ ಕಡೆಯವನಿಗೆ ತಲುಪಿದ್ದು ಎರಡನೆಯದು. ನಾವು ಎರಡನ್ನೂ ಓದಿದ್ದೇವೆ. ರಂಗಭೂಮಿಯಲ್ಲಿ ಸ್ವಗತವಿದೆ, ಕಾದಂಬರಿಯಲ್ಲಿ ಅಂತರಂಗದ ವರ್ಣನೆಯಿದೆ. ಆದರೆ ಸುಳ್ಳು ಹುಟ್ಟುತ್ತಿರುವ ಗಳಿಗೆಯನ್ನು ಇಷ್ಟು ನಗ್ನವಾಗಿ ತೋರಿಸುವ ಉಪಕರಣ ಹಿಂದಿನ ಯಾವ ಕಲೆಗೂ ಇರಲಿಲ್ಲವೆಂದು ನನ್ನ ಭಾವನೆ. ಲ್ಯಾಪ್‌ಟಾಪಿನಲ್ಲೇ ನೋಡುತ್ತಿದ್ದುದರಿಂದ, ಅಳಿಸಬೇಡವೆಂದು ತಡೆಯಲು ನನ್ನ ಕೈಯೇ ಮುಂದೆ ಹೋಯಿತು. ಮೊಮ್ಮಗಳು ನಕ್ಕಳು.

ನನ್ನ ತಕರಾರು ಇರುವುದು ಇದೇ ಚಿತ್ರದ ದೆವ್ವದ ಮೇಲೆ. ಲಾರಾಳನ್ನು ಕೊಂದವರು ಮನುಷ್ಯರು, ಹದಿಹರೆಯದ ಗೆಳೆಯರು. ಆ ದೃಶ್ಯವನ್ನು ಚಿತ್ರಿಸಿದವಳು ಬ್ಲೇರಳೇ ಎಂದು ಕೊನೆಯಲ್ಲಿ ತಿಳಿಯುತ್ತದೆ. ಭಯವೆಲ್ಲ ಅಲ್ಲಿಗೆ ತುಂಬಿ ನಿಂತಿದೆ. ಆದರೆ ನಿರ್ಮಾಪಕರಿಗೆ ಅಷ್ಟು ಸಾಲಲಿಲ್ಲ. ಎರಡು ಕೈಗಳು ಬಂದು ಲ್ಯಾಪ್‌ಟಾಪನ್ನು ಮುಚ್ಚುತ್ತವೆ, ಲಾರಾಳ ಪ್ರೇತ ಬ್ಲೇರಳ ಮೇಲೆ ಎರಗುತ್ತದೆ. ಪರದೆಯನ್ನು ಬಿಟ್ಟು ಕದಲುವುದಿಲ್ಲವೆಂಬ ವ್ರತವನ್ನು ಚಿತ್ರ ಕಟ್ಟಕಡೆಯ ಗಳಿಗೆಯಲ್ಲಿ ಮುರಿದುಕೊಂಡಿತು, ಒಂದು ಅಗ್ಗದ ಬೆಚ್ಚಿಬೀಳಿಕೆಗಾಗಿ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ನೊಂದು ಸತ್ತ ಹುಡುಗಿಯನ್ನೇ ಕೊಲೆಗಾರಳನ್ನಾಗಿ ಮಾಡಿದ್ದು. ಆಕೆ ಪ್ರೇತವಾಗಿ ಸೇಡು ತೀರಿಸಿಕೊಂಡಳೆಂದರೆ ಲೆಕ್ಕ ಚುಕ್ತಾ ಆಯಿತು, ನೋಡುವವನು ಹಗುರಾಗಿ ಮನೆಗೆ ಹೋಗಬಹುದು. ದೆವ್ವ ಬಾರದಿದ್ದರೆ ಆ ಲೆಕ್ಕ ಯಾರ ಬಳಿ ಉಳಿಯುತ್ತಿತ್ತು?

2020ರ ಲಾಕ್‌ಡೌನಿನಲ್ಲಿ ಇಂಗ್ಲೆಂಡಿನ ರಾಬ್ ಸ್ಯಾವೇಜ್ ಮಾಡಿದ 'ಹೋಸ್ಟ್' ಇದಕ್ಕಿಂತ ಜಾಣತನದ್ದು. ಒಂದು ಗಂಟೆಯೂ ಇಲ್ಲ. ನಟರು ತಂತಮ್ಮ ಮನೆಗಳಲ್ಲೇ ಕ್ಯಾಮೆರಾ, ದೀಪ ಹೊಂದಿಸಿಕೊಂಡು ಅಭಿನಯಿಸಿದರು. ಜೂಮ್ ಸಭೆಯಲ್ಲಿ ಪ್ರೇತವನ್ನು ಆವಾಹಿಸುವಾಗ ಒಬ್ಬಳು ತಮಾಷೆಗೆಂದು, ಇಲ್ಲದ ಒಬ್ಬ ಸತ್ತ ಸಹಪಾಠಿಯ ಕಥೆ ಹೆಣೆಯುತ್ತಾಳೆ. ಅನಾಹುತ ಆ ಸುಳ್ಳಿನಿಂದಲೇ ಶುರು. ಇನ್ನೊಬ್ಬಳು ತನ್ನದೇ ಓಡಾಟದ ದೃಶ್ಯವನ್ನು ಹಿನ್ನೆಲೆಯಾಗಿ ಹಾಕಿಕೊಂಡಿರುತ್ತಾಳೆ. ಆಕೆ ಸಾಯುತ್ತಿರುವಾಗಲೂ ಹಿಂದೆ ಅವಳ ಪ್ರತಿಬಿಂಬ ನಿಶ್ಚಿಂತೆಯಿಂದ ಕೋಣೆಯೊಳಗೆ ಬಂದುಹೋಗುತ್ತಲೇ ಇರುತ್ತದೆ. ಅಲ್ಲಿ ಹಾರಾಡುವ ಕುರ್ಚಿಗಳಿಗೆ ನಾನು ಹೆದರಲಿಲ್ಲ. ಇದಕ್ಕೆ ಹೆದರಿದೆ.

ದೆವ್ವವಿಲ್ಲದೆ ಈ ತಂತ್ರ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅನೀಶ್ ಚಾಗಂಟಿಯವರ 'ಸರ್ಚಿಂಗ್' (2018) ಸಾಕ್ಷಿ. ಅದು ಭಯಾನಕ ಚಿತ್ರವಲ್ಲ, ಕಾಣೆಯಾದ ಮಗಳನ್ನು ತಂದೆ ಹುಡುಕುವ ಕಥೆ. ಆರಂಭದಲ್ಲಿ ಗಣಕದ ಕ್ಯಾಲೆಂಡರಿನಲ್ಲಿ, ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ದಿನವನ್ನು ಗುರುತು ಮಾಡಿರುತ್ತಾರೆ. ಅದು ಮುಂದಕ್ಕೆ ಸರಿಯುತ್ತದೆ. ಆಮೇಲೆ ಅಳಿಸಿಹೋಗುತ್ತದೆ. ಸಾವನ್ನು ತೋರಿಸಿದ್ದು ಅಷ್ಟರಲ್ಲೇ.

ಈ ಅಳಿಸುವ ವಿಷಯ ನನ್ನನ್ನೇಕೆ ಇಷ್ಟು ಕಾಡಿತೆಂದು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಹೋದಾಗ ಕಪ್ಪುಹಲಗೆಯ ಮೇಲೆ ಒಬ್ಬ ಹುಡುಗಿಯ ಬಗ್ಗೆ ಹೇಸಿಗೆಯ ಒಂದು ಸಾಲು ಬರೆದಿತ್ತು. ತರಗತಿ ಮುಸಿಮುಸಿ ನಗುತ್ತಿತ್ತು. ಆಕೆ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಡಸ್ಟರು ತೆಗೆದುಕೊಂಡು ಒರೆಸಿದೆ, ಸಂಧಿ ಪ್ರಕರಣ ಶುರುಮಾಡಿದೆ. ಯಾರು ಬರೆದರೆಂದು ಕೇಳಲಿಲ್ಲ. ಅಂದು ಅದನ್ನು ವಿವೇಕವೆಂದೇ ಭಾವಿಸಿದ್ದೆ. ಮುಂದಿನ ಸೋಮವಾರದಿಂದ ಆ ಹುಡುಗಿ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ತಿಂಗಳ ಕೊನೆಯವರೆಗೆ ಗೈರುಹಾಜರಿ ಹಾಕಿ, ಆಮೇಲೆ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನೂ ನಾನೇ. ಯಾವ ಪ್ರೇತವೂ ನನ್ನ ಬಾಗಿಲು ತಟ್ಟಲಿಲ್ಲ. ಬಡ್ತಿ ಬಂತು, ನಿವೃತ್ತಿಯೂ ಆಯಿತು.

ಆದುದರಿಂದ, ಪರದೆಯ ಚಿತ್ರಗಳು ಸಿನಿಮಾವೇ ಅಲ್ಲವೆನ್ನುವ ನನ್ನ ಭಾವಮೈದುನನ ಮಾತನ್ನೂ ಒಪ್ಪಲಾರೆ, ದೆವ್ವವಿಲ್ಲದೆ ಭಯವಿಲ್ಲವೆನ್ನುವ ಆ ನಿರ್ಮಾಪಕರ ಮಾತನ್ನೂ ಒಪ್ಪಲಾರೆ. ಆ ಒಂಬತ್ತನೆಯ ತರಗತಿಯಲ್ಲಿ ಕುಳಿತಿದ್ದವರಲ್ಲಿ ಮೂರು ನಾಲ್ಕು ಮಂದಿ ಈ ಪುಟವನ್ನು ಓದುತ್ತೀರಿ. ಬರೆದವರು ಯಾರೆಂದು ಈಗ ಕೇಳುತ್ತಿಲ್ಲ. ಕೇಳುವ ದಿನ ಕೇಳಲಿಲ್ಲ. ಆಕೆ ಎಲ್ಲಿದ್ದಾಳೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೊಂದು ಸಾಲು ಬರೆಯಿರಿ. ಹೆಸರನ್ನು ಇಲ್ಲಿ ಹಾಕಬೇಡಿ, ನನಗೆ ಮಾತ್ರ ತಿಳಿಸಿ.